ಪರದೆ ಮಾವ ನೆರಿಗೆ ಹಿಡಿದ ವೈರು

ನಮ್ಮ ಬೀದಿಯಲ್ಲಿ ಯಾರ ಅಂಗಿಯಿಂದಲಾದರೂ ಒಂದೆಳೆ ದಾರ ಇಳಿಬಿದ್ದಿದ್ದರೆ, ಪರದೆ ಮಾವ ಎದುರಾಗುವವರೆಗೆ ಮಾತ್ರ ಅದರ ಆಯಸ್ಸು. ಮಾತಾಡ್ತಾ ಮಾತಾಡ್ತಾನೇ ಅವರ ಕೈ ಜೇಬಿಗೆ ಹೋಗುತ್ತದೆ, ಜೇಬಿನಿಂದ ಹೆಬ್ಬೆರಳುದ್ದದ ಕತ್ತರಿಯೊಂದು ಹೊರಗೆ ಬರುತ್ತದೆ, ‘ಕಚ್’ ಅನ್ನುತ್ತದೆ, ಮತ್ತೆ ಜೇಬು ಸೇರುತ್ತದೆ. ನಿಮಗೆ ಗೊತ್ತಾಗುವಷ್ಟರಲ್ಲಿ ಮಾವ ಬೀದಿ ತಿರುವು ದಾಟಿರುತ್ತಾರೆ. ಒಂದು ಸಲ ಬ್ಯಾಂಕಿನ ಕ್ಯೂನಲ್ಲಿ ಮುಂದೆ ನಿಂತಿದ್ದ ಗುರುತಿಲ್ಲದ ಮನುಷ್ಯನ ಕಾಲರಿನ ದಾರ ಕತ್ತರಿಸಲು ಹೋಗಿ ದೊಡ್ಡ ಗಲಾಟೆಯೇ ಆಗಿತ್ತು.

“ಏನ್ರೀ ಅದು, ಕುತ್ತಿಗೆ ಹತ್ರ ಕತ್ತರಿ ತರ್ತೀರಲ್ಲ!” ಅಂತ ಆತ ಹಾರಿಬಿದ್ದ.

“ನೇತಾಡ್ತಿತ್ತು ಸ್ವಾಮಿ,” ಅಂದರು ಮಾವ.

ಅವರ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಲೋಕದಲ್ಲಿ ನೇತಾಡುವ ವಸ್ತು ಇರಲೇಬಾರದು. ಇದ್ದರೆ ಅದು ಪರದೆಯಾಗಿರಬೇಕು, ಅದಕ್ಕೂ ಸರಿಯಾಗಿ ನೆರಿಗೆ ಹಿಡಿದಿರಬೇಕು.

ಮಾವನ ಕಸುಬೇ ಅದು, ಪರದೆ ಹೊಲಿಯುವುದು. ಅಂಗಿ, ಪ್ಯಾಂಟು ಅಂತ ಅವರು ಯಾವತ್ತೂ ಕೈ ಹಾಕಿದವರಲ್ಲ. “ಮನುಷ್ಯರ ಅಳತೆ ಹಬ್ಬೋದೂ ಉಂಟು, ಕುಗ್ಗೋದೂ ಉಂಟು. ಕಿಟಕಿ ಹಾಗಲ್ಲ, ಕೊಟ್ಟ ಮಾತಿಗೆ ನಿಲ್ಲುತ್ತೆ,” ಅನ್ನುತ್ತಾರೆ. ಆಸ್ಪತ್ರೆಯ ಮಂಚಗಳ ನಡುವೆ ಎಳೆಯುವ ಹಸಿರು ಪರದೆ ಅವರದೇ ಕೈಯಿಂದ ಬಂದದ್ದು. ಶಾಲೆಯ ವೇದಿಕೆಯ ಕೆಂಪು ಪರದೆಯೂ ಅವರದೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆ ಮೇಜು, ಮೂಲೆಯಲ್ಲಿ ಒರಗಿಸಿಟ್ಟ ಸರಳುಗಳು. ಕಿಟಕಿಯ ಇನ್ನೊಂದು ಪಕ್ಕ ಟಿವಿ. ಟಿವಿಯ ಎದುರಿಗೆ ಒಂದು ಗಿಡ್ಡನೆ ಸ್ಟೂಲು.

ಆ ಸ್ಟೂಲು ಅತ್ತೆಯದು.

ಮಾವ ಹೊಲಿದು ಕೆಳಗಿಳಿಸಿದ ಪರದೆಗೆ ಕೊಂಡಿ ಹಾಕುವುದು ಅತ್ತೆಯ ಕೆಲಸ. ಮಡಿಲಲ್ಲಿ ಕೊಂಡಿಗಳ ಡಬ್ಬಿ, ಬೆರಳಲ್ಲಿ ಸೂಜಿ, ಬಾಯಲ್ಲಿ ಮಾತು. ಬೀದಿಯವರು ಅವರಿಗೆ ಇಟ್ಟಿದ್ದ ಹೆಸರು ರೇಡಿಯೋ ಅತ್ತೆ. ರೇಡಿಯೋಗಾದರೂ ಆರಿಸಲು ಒಂದು ಗುಬುಟು ಇರುತ್ತದೆ, ಇವರಿಗೆ ಅದೂ ಇರಲಿಲ್ಲ. ಕಿಟಕಿಯಾಚೆ ಯಾರು ಹೋದರು, ಯಾರ ಕೈಯಲ್ಲಿ ಯಾವ ಚೀಲವಿತ್ತು, ಚೀಲದಲ್ಲಿ ಏನಿದ್ದೀತು, ಅದನ್ನು ಯಾರಿಗೆ ಕೊಡಲು ಹೊರಟಿದ್ದಾರು, ಎಲ್ಲದಕ್ಕೂ ಅತ್ತೆಯ ಬಳಿ ವರದಿ ಸಿದ್ಧ.

“ಇವಳೇ, ಸ್ವಲ್ಪ ನಿಲ್ಸೇ. ಅಳತೆ ಮರೆತುಹೋಯ್ತು,” ಅನ್ನುತ್ತಿದ್ದರು ಮಾವ.

“ನಿಮಗೆ ನೆನಪಿದ್ದದ್ದು ಯಾವಾಗ? ಆಸ್ಪತ್ರೆ ಕಿಟಕಿಗೆ ಶಾಲೆ ಪರದೆ ಹೊಲಿದವರು ನೀವು. ನಾನು ಹೇಳಿದ್ದಕ್ಕೆ ಮಾನ ಉಳೀತು.”

ಮಾತಿಗೆ ಮಾತು, ಹೊಲಿಗೆಗೆ ಹೊಲಿಗೆ. ಹೀಗೆ ಒಂದು ಸಂಸಾರ ಸಾಗಿಬಂತು.

ಒಂದು ದಿನ ಬೆಳಗ್ಗೆ, ಅತ್ತೆ ಏನೋ ಹೇಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಮಡಿಲಿನ ಡಬ್ಬಿ ನೆಲಕ್ಕೆ ಬಿದ್ದು ಕೊಂಡಿಗಳೆಲ್ಲ ಚೆಲ್ಲಾಪಿಲ್ಲಿ. “ಏನೇ ಅದು?” ಅಂದರು ಮಾವ, ಮಿಷನ್ನಿನಿಂದ ಕಣ್ಣೆತ್ತದೆ. ಉತ್ತರ ಬರಲಿಲ್ಲ. ಆ ಮನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರದೆ ಹೋದದ್ದು ಅದೇ ಮೊದಲು. ಮಾವನಿಗೆ ತಿರುಗಿ ನೋಡುವ ಮೊದಲೇ ಗೊತ್ತಾಗಿಹೋಯಿತಂತೆ, ಏನೋ ಆಗಬಾರದ್ದು ಆಗಿದೆ ಅಂತ.

ಪಾರ್ಶ್ವವಾಯು. ಆಸ್ಪತ್ರೆಯವರು ಜೀವ ಉಳಿಸಿಕೊಟ್ಟರು. ಕಾಲು ನೆಲ ಹಿಡಿಯಿತು, ಕೈ ಮೆಲ್ಲಗೆ ಮೇಲೇಳತೊಡಗಿತು. ಮಾತು ಮಾತ್ರ ಬರಲಿಲ್ಲ. ಬಂದದ್ದು ಒಂದೇ ಒಂದು ಶಬ್ದ, “ಕೊಂಡಿ.” ನೀರು ಬೇಕಾದರೂ ಕೊಂಡಿ, ಫ್ಯಾನು ಹಾಕಬೇಕಾದರೂ ಕೊಂಡಿ, ಮಗಳು ಬಂದರೂ ಕೊಂಡಿ. ತಾನು ಹೇಳಹೊರಟದ್ದು ಅದಲ್ಲ ಅಂತ ಅತ್ತೆಗೇ ಗೊತ್ತಾಗಿ, ತುಟಿ ಕಚ್ಚಿಕೊಂಡು ಗೋಡೆ ಕಡೆ ಮುಖ ಮಾಡುತ್ತಿದ್ದರು.

ಡಾಕ್ಟರು ಮಾವನನ್ನೂ ಮಗಳನ್ನೂ ಕೂರಿಸಿಕೊಂಡು ಹೇಳಿದರು. “ಅವರಿಗೆ ಎಲ್ಲಾ ಅರ್ಥವಾಗುತ್ತೆ. ಮಾತು ಒಳಗೇ ಇದೆ, ಹೊರಗೆ ಬರೋ ದಾರಿ ಮುಚ್ಚಿದೆ. ಅದನ್ನ ತೆರೆಯೋಕೆ ದಿನಾ ಪಾಠ ಆಗಬೇಕು. ಈ ಮೊದಲ ಕೆಲವು ತಿಂಗಳು ಬಹಳ ಮುಖ್ಯ, ತಪ್ಪಿಸಬೇಡಿ. ಆಮೇಲೆ ಬರೋದೇ ಇಲ್ಲ ಅಂತಲ್ಲ, ಆದ್ರೆ ಬಹಳ ನಿಧಾನ.”

ಮಾತು ಕಲಿಸುವವರು ನಮ್ಮ ಊರಲ್ಲಿ ಯಾರೂ ಇರಲಿಲ್ಲ. ದೂರದ ಊರಿನಲ್ಲಿ ಒಬ್ಬ ಟೀಚರಮ್ಮ ಇದ್ದರು, ಫೋನಿನ ಪರದೆಯಲ್ಲೇ ಬಂದು ಕಲಿಸುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಎರಡು ಬೀದಿ ಆಚೆ ಅವಳ ಮನೆ, ಓಡಾಡಿ ಅವರನ್ನು ಒಪ್ಪಿಸಿದಳು. ದಿನಾ ಬೆಳಗ್ಗೆ ಅರ್ಧ ಗಂಟೆ ಪಾಠ.

ಪಾಠವೇನೋ ಶುರುವಾಯಿತು, ಆದರೆ ಫೋನಿನ ನೆಟ್ಟು ಕೈಕೊಟ್ಟಿತು. ಟೀಚರಮ್ಮ “ನನ್ನ ಬಾಯಿ ನೋಡಿ” ಅನ್ನುತ್ತಿದ್ದರು. ನೋಡಿದರೆ ಬಾಯಿ ‘ಆ’ ಅಂತ ತೆರೆದು ಹಾಗೇ ನಿಂತಿರುತ್ತಿತ್ತು, ಅದರೊಳಗಿಂದ ‘ಮ’ ಅನ್ನುವ ದನಿ ಬರುತ್ತಿತ್ತು. ತುಟಿ ಮುಚ್ಚದೆ ‘ಮ’ ಹೇಗೆ ಬರುತ್ತದೆ ಹೇಳಿ? ಮಾತು ಬಲ್ಲ ಮಾವನಿಗೇ ದಿಕ್ಕು ತಪ್ಪುತ್ತಿತ್ತು. ಅತ್ತೆ ಪಾಪ, ಆ ತೆರೆದ ಬಾಯನ್ನೇ ನೋಡಿ ತಾವೂ ಬಾಯಿ ತೆರೆದು, ‘ಮ’ ಅನ್ನಲು ಹೋಗಿ, ಕೊನೆಗೆ “ಕೊಂಡಿ” ಅಂದು ಕಣ್ಣು ತುಂಬಿಕೊಳ್ಳುತ್ತಿದ್ದರು.

“ಅಪ್ಪಾ, ಹೀಗಾದ್ರೆ ಆಗಲ್ಲ. ಮನೆಗೆ ಫೈಬರ್ ಹಾಕಿಸೋಣ. ನೆಟ್ಟೂ ಬರುತ್ತೆ, ಟಿವಿನೂ ಅದರಲ್ಲೇ ಬರುತ್ತೆ, ಪಾಠ ದೊಡ್ಡದಾಗಿ ಟಿವಿಯಲ್ಲೇ ಕಾಣೋ ಹಾಗೆ ಮಾಡ್ಬಹುದು,” ಅಂದಳು ಮಗಳು.

“ಇನ್ನೊಂದು ವೈರಾ?” ಅಂತ ಮುಖ ಹುಳ್ಳಗೆ ಮಾಡಿದರು ಮಾವ.

“ಅಮ್ಮನ ಮಾತು ಬೇಕೋ, ನಿಮ್ಮ ಗೋಡೆ ಅಂದ ಬೇಕೋ?”

“ಹಾಕ್ಸು ಹಾಕ್ಸು. ನಾನೇನಂದೆ ಈಗ?”

ವೈರು ಎಳೆಯಲು ಬಂದವನು ಏಣಿಯಣ್ಣ. ಟಿವಿಗೆ ದಪ್ಪ ಕರಿ ಕೇಬಲ್ ಇದ್ದ ಕಾಲದಿಂದ ನಮ್ಮ ಬೀದಿಯಲ್ಲಿ ಏಣಿ ಹೊತ್ತು ತಿರುಗಿದವನು, ಈಗ ಫೈಬರ್ ಕಂಪನಿಗೆ ಸೇರಿದ್ದ. ತಲೆ ಅರ್ಧ ನೆರೆತಿದೆ, ಅಂಗಿಯ ಬಲಭುಜ ಏಣಿ ತಿಕ್ಕಿ ತಿಕ್ಕಿ ಜಾಳಾಗಿದೆ. ಮಾವನ ಕಣ್ಣು ಮೊದಲು ಬಿದ್ದದ್ದೇ ಆ ಭುಜದ ಮೇಲೆ. ಮೂರು ದಾರ ನೇತಾಡುತ್ತಿದ್ದವು. ಕಚ್, ಕಚ್, ಕಚ್.

“ಮಾವಾ, ವೈರು ಕಟ್ ಮಾಡೋಕೆ ಕರೆಸಿದ್ರೋ, ಹಾಕೋಕೋ?” ಅಂದ ಏಣಿಯಣ್ಣ.

“ಮೊದಲು ಮನುಷ್ಯನ ಥರ ಆಗು, ಆಮೇಲೆ ಏಣಿ ಹತ್ತು. ಟೀ ಕುಡೀತೀಯ ತಾನೆ?” ಅಂತ ಮಾವ ಅಡುಗೆಮನೆಗೆ ಹೋದರು. ಮಗಳು ಆಗಲೇ ಔಷಧಿ ಅಂಗಡಿಗೆ ಹೊರಟುಹೋಗಿದ್ದಳು.

ಏಣಿಯಣ್ಣ ಕಂಬದಿಂದ ಬಿಳಿ ವೈರು ತಂದು, ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ತೂತು ಕೊರೆದು ಒಳಗೆಳೆದು, ಟಿವಿ ಪಕ್ಕದಲ್ಲಿ ಕೂರಿಸಿದ ನೆಟ್ಟಿನ ಡಬ್ಬಿಗೆ ಸೇರಿಸಿದ. ಉಳಿದ ವೈರನ್ನು ದೊಡ್ಡ ಬಳೆಯ ಹಾಗೆ ಸುರುಳಿ ಸುತ್ತಿ ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದ. ಕೋಣೆಯಲ್ಲಿ ಇದ್ದದ್ದು ಅತ್ತೆ ಒಬ್ಬರೇ. ಮಾತು ಬಾರದವರ ಎದುರು ಜನ ಸಾಮಾನ್ಯವಾಗಿ ಎರಡು ಥರ ಮಾಡುತ್ತಾರೆ. ಒಂದೋ ಗಟ್ಟಿಯಾಗಿ ಕಿರುಚುತ್ತಾರೆ, ಇಲ್ಲಾ ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಇರುತ್ತಾರೆ. ಏಣಿಯಣ್ಣ ಎರಡೂ ಮಾಡಲಿಲ್ಲ. ಕೆಲಸ ಮಾಡುತ್ತಲೇ, ಎಂದಿನ ಹಾಗೆ, ಅತ್ತೆಯೊಂದಿಗೆ ಮಾತಾಡಿದ.

“ಅತ್ತೆ, ನೋಡ್ಕೊಳ್ಳಿ. ಇದರೊಳಗೆ ತಾಮ್ರ ಗೀಮ್ರ ಇಲ್ಲ, ಕೂದಲಿನ ಥರ ಗಾಜಿನ ಎಳೆ ಇದೆ. ಅದರೊಳಗೆ ಬೆಳಕು ಓಡ್ತಾ ಇರುತ್ತೆ. ದೊಡ್ಡದಾಗಿ ಸುತ್ತಿದ್ರೆ ಬೆಳಕು ಆರಾಮಾಗಿ ತಿರುಗಿಕೊಂಡು ಹೋಗುತ್ತೆ. ಮಡಚಿದ್ರೆ ಮುಗೀತು, ಅಲ್ಲೇ ಸೋರಿಹೋಗುತ್ತೆ. ಈ ಸುರುಳಿ ಹೀಗೇ ಇರಲಿ. ಯಾರೂ ಮಡಚದ ಹಾಗೆ ನೀವೇ ಕಾವಲು.”

ಅತ್ತೆ ತಲೆ ಆಡಿಸಿದರು. ಮಾವ ಟೀ ಹಿಡಿದು ಬರುವಷ್ಟರಲ್ಲಿ ಮಾತು ಕ್ರಿಕೆಟ್ಟಿಗೆ ಹೋಗಿತ್ತು.

ಡಬ್ಬಿಯಲ್ಲಿ ಹಸಿರು ದೀಪ ಹೊತ್ತಿತು. ಮರುದಿನ ಬೆಳಗ್ಗೆ ಟೀಚರಮ್ಮ ಟಿವಿಯಲ್ಲಿ ಆಳೆತ್ತರ ಕಾಣಿಸಿಕೊಂಡರು. ಹಲ್ಲಿನ ನಡುವಿನ ಸಂದಿನವರೆಗೆ ಸ್ಪಷ್ಟ. “ಮ” ಅಂದರು. ತುಟಿ ಮುಚ್ಚಿತು, ತೆರೆಯಿತು, ದನಿಯೂ ಅದೇ ಕ್ಷಣಕ್ಕೆ ಬಂತು. ಅತ್ತೆ ನೋಡಿದರು. ತಮ್ಮ ತುಟಿಯನ್ನು ಬೆರಳಿನಿಂದ ಮುಟ್ಟಿಕೊಂಡರು. ಮುಚ್ಚಿದರು. “ಮ್… ಮ.”

ಮಾವ ಮಿಷನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟರು. ಹೊಲಿದರೆ ಸದ್ದಾಗಿ ಆ ‘ಮ’ ಎಲ್ಲಿ ಬೆದರಿ ಓಡಿಹೋಗುತ್ತದೋ ಅಂತ.

ಟೀಚರಮ್ಮ ಜಾಣೆ. ಒಂದು ದಿನ ಮಾವನನ್ನು ಹತ್ತಿರ ಕರೆದು ಕೇಳಿದರು. “ಹುಷಾರಿದ್ದಾಗ ಇವರು ದಿನಾ ಬಾಯಿತುಂಬ ಹೇಳ್ತಿದ್ದ ಮಾತು ಯಾವುದು? ರೂಢಿಯ ಮಾತು ಬೇಗ ಬಾಯಿಗೆ ಬರುತ್ತೆ.”

ಮಾವ ತಲೆ ಕೆರೆದುಕೊಂಡರು. “ಅದು… ನನ್ನನ್ನ ಬೈಯೋದೇ ಮೇಡಂ.”

“ಒಳ್ಳೇದೇ ಆಯ್ತು. ಏನಂತ ಬೈತಿದ್ರು?”

“‘ಏನ್ರೀ ಇದು’ ಅಂತ. ಆಮೇಲೆ ‘ನಿಮ್ಮ ತಲೆ’ ಅಂತ. ಇನ್ನೂ ಇವೆ, ಹೇಳ್ಲಾ?”

“ಸದ್ಯಕ್ಕೆ ಅಷ್ಟು ಸಾಕು.”

ಅಂದಿನಿಂದ ಪ್ರತಿ ಬೆಳಗ್ಗೆ, ದೂರದ ಊರಿನ ಓದಿದ ಹೆಂಗಸೊಬ್ಬರು ನಮ್ಮ ಬೀದಿಯ ಅತ್ತೆಗೆ ಗಂಡನನ್ನು ಬೈಯುವುದು ಹೇಗೆ ಅಂತ ಹೇಳಿಕೊಟ್ಟರು. ಮಾವ ಎದುರಿಗೆ ಕೂತು ಬೈಸಿಕೊಳ್ಳಲು ಕಾದರು. “ಏ… ಏನ್… ಕೊಂಡಿ,” ಅನ್ನುತ್ತಿದ್ದರು ಅತ್ತೆ. “ಇರ್ಲಿ, ನಾಳೆ ಬೈಯುವೆಯಂತೆ,” ಅನ್ನುತ್ತಿದ್ದರು ಮಾವ.

ಟಿವಿಯಲ್ಲೂ ಒಂದು ಹೊಸ ಸೌಕರ್ಯ ಇತ್ತು. ನಡೆಯುತ್ತಿರುವ ವಾರ್ತೆಯನ್ನೇ ರಿಮೋಟಿನಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಓಡಿಸಿ ಮತ್ತೆ ಕೇಳಬಹುದು. ಮಧ್ಯಾಹ್ನ ಅತ್ತೆ ಎಡಗೈಯಲ್ಲಿ ರಿಮೋಟು ಹಿಡಿದು ವಾರ್ತೆ ಓದುವವಳನ್ನು ಪದಪದಕ್ಕೂ ತಡೆದು ನಿಲ್ಲಿಸುತ್ತಿದ್ದರು. ಅವಳು ತುಟಿ ಅರ್ಧ ತೆರೆದು ಕಾಯುತ್ತಿದ್ದಳು. ಅತ್ತೆ ಆ ತುಟಿಯ ಹಾಗೆ ತಮ್ಮ ತುಟಿ ಮಾಡಿ ನೋಡಿಕೊಂಡ ಮೇಲೆ ಮುಂದಕ್ಕೆ ಬಿಡುತ್ತಿದ್ದರು. ನಾವೆಲ್ಲ ಅತ್ತೆಯ ಎದುರು ಕೂತಾಗ, ಅವರು ಒಂದು ಶಬ್ದಕ್ಕೆ ತಡವರಿಸಿದರೆ ಸಾಕು, ಕನಿಕರದಿಂದ ನಾವೇ ಮಾತು ಪೂರ್ತಿ ಮಾಡಿಬಿಡುತ್ತಿದ್ದೆವು. ಆ ಟಿವಿ ಹಾಗೆ ಮಾಡಲಿಲ್ಲ.

ಎಲ್ಲ ಸರಿಯಾಗಿ ನಡೆದಿತ್ತು. ಮಾವನ ಕಣ್ಣಿಗೆ ಚುಚ್ಚುತ್ತಿದ್ದದ್ದು ಒಂದೇ, ಮೊಳೆಯ ಮೇಲಿನ ಆ ಸುರುಳಿ. ಮಿಷನ್ನಿನಿಂದ ತಲೆ ಎತ್ತಿದರೆ ಸುರುಳಿ. ಬಟ್ಟೆ ಅಳೆಯಲು ತಿರುಗಿದರೆ ಸುರುಳಿ. ಗಾಳಿ ಬಂದರೆ ಅದು ಅಲ್ಲಾಡುತ್ತಿತ್ತು, ಮಾವನ ಕೈ ಜೇಬಿನ ಕತ್ತರಿಯ ತನಕ ಹೋಗಿ ವಾಪಸು ಬರುತ್ತಿತ್ತು. ಪರದೆ ಹೊಲಿಯುವವನ ಮನೆ ಕಿಟಕಿಯಲ್ಲೇ ಇಂಥದ್ದೊಂದು ನೇತಾಡುತ್ತಿದ್ದರೆ ಬಂದ ಗಿರಾಕಿ ಏನಂದುಕೊಂಡಾನು?

ಒಂದು ಮಧ್ಯಾಹ್ನ ಅವರಿಗೆ ತಡೆಯಲಾಗಲಿಲ್ಲ. ಕುರ್ಚಿ ಹತ್ತಿ ಸುರುಳಿ ಬಿಚ್ಚಿದರು. ಕತ್ತರಿಸಬಾರದು ಅನ್ನುವಷ್ಟು ಬುದ್ಧಿ ಇತ್ತು. ಉಳಿದ ವೈರನ್ನು ಏನು ಮಾಡುವುದು? ಉದ್ದನೆಯ ಬಟ್ಟೆಯನ್ನು ಸಣ್ಣ ಕಿಟಕಿಗೆ ಕೂರಿಸಬೇಕಾದಾಗ ಏನು ಮಾಡುತ್ತಾರೋ ಅದನ್ನೇ ಮಾಡಿದರು. ನೆರಿಗೆ ಹಿಡಿದರು. ಬೆರಳಗಲಕ್ಕೆ ಒಂದು ಮಡಿಕೆ, ಅದರ ಮೇಲೆ ಇನ್ನೊಂದು, ಪ್ರತಿ ಮಡಿಕೆಯನ್ನೂ ಹೆಬ್ಬೆರಳಿನ ಉಗುರಿನಿಂದ ಒತ್ತಿ ಕೂರಿಸಿ, ಕಿಟಕಿ ಪರದೆಯ ಅಂಚು ಬಿಚ್ಚಿ ಅದರೊಳಗೆ ಇಟ್ಟು, ದಪ್ಪ ದಾರದಿಂದ ಬಿಗಿಯಾಗಿ ಹೊಲಿದುಬಿಟ್ಟರು.

ಅತ್ತೆ ಸ್ಟೂಲಿನಿಂದ ಅರ್ಧ ಎದ್ದು ಎಡಗೈ ಬೀಸಿದರು. “ಕೊಂಡಿ! ಕೊಂಡಿ, ಕೊಂಡಿ!”

“ಕೊಂಡಿನಾ? ಇರು,” ಅಂತ ಮಾವ ಕುರ್ಚಿಯಿಂದ ಇಳಿದು ಕೊಂಡಿಗಳ ಡಬ್ಬಿಯನ್ನೇ ತಂದು ಅವರ ಮಡಿಲಲ್ಲಿಟ್ಟರು. “ಕೆಲಸ ಮಾಡೋ ಮನಸ್ಸಾಯ್ತಾ? ನಿಧಾನಕ್ಕೆ ಮಾಡು, ಆಯಾಸ ಮಾಡ್ಕೋಬೇಡ.”

ಅತ್ತೆ ಡಬ್ಬಿಯನ್ನು ನೋಡಿದರು, ಗಂಡನನ್ನು ನೋಡಿದರು, ಒಂದು ಕೊಂಡಿ ತೆಗೆದು ಅವರ ಬೆನ್ನಿಗೆ ಎಸೆದರು. “ತಮಾಷೆನೂ ಬಂತು ನೋಡು,” ಅಂತ ಮಾವ ಹಿಗ್ಗಿದರು. ದೂರ ನಿಂತು ಪರದೆ ನೋಡಿದರು. ವೈರು ಇದೆ ಅಂತ ಯಾರಿಗೂ ಗೊತ್ತಾಗದ ಕೆಲಸ. ಕೈ ಒರೆಸಿಕೊಂಡರು.

ಅವತ್ತು ಏನೂ ಆಗಲಿಲ್ಲ. ಅದೇ ಮೋಸ ಆದದ್ದು. ಬೆಳಗ್ಗೆ ಪರದೆ ಸರಿಸುವುದು, ಸಂಜೆ ಎಳೆಯುವುದು ನಡೆದೇ ಇತ್ತು. ಎಳೆದಾಗಲೆಲ್ಲ ನೆರಿಗೆ ಇನ್ನಷ್ಟು ಬಿಗಿಯಾಗುತ್ತಿತ್ತು. ಕೆಲವು ದಿನಗಳಲ್ಲಿ ವಾರ್ತೆಯವಳ ಮುಖ ಚೌಕ ಚೌಕವಾಗಿ ಒಡೆಯತೊಡಗಿತು. ಆಮೇಲೆ ಪಾಠದ ನಡುವೆ ಟೀಚರಮ್ಮ ನಿಂತುನಿಂತು ಬರತೊಡಗಿದರು. ಒಂದು ಬೆಳಗ್ಗೆ ಮಾವ ಪರದೆಯನ್ನು ಸರ್ರನೆ ಸರಿಸಿದರು, ಡಬ್ಬಿಯ ಹಸಿರು ದೀಪ ಆರಿ ಕೆಂಪು ದೀಪ ಮಿಣುಕಿತು. ಟಿವಿ ಕಪ್ಪಾಯಿತು.

ಕಸ್ಟಮರ್ ಕೇರಿಗೆ ಫೋನು ಮಾಡಿದರು. ಅಲ್ಲಿಯ ಹುಡುಗಿ ಪಾಪ ತಾಳ್ಮೆಯವಳು. “ಸರ್, ಡಬ್ಬಿ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?”

“ಮಾಡ್ದೆ ಕಣಮ್ಮ. ಟಿವಿ ಮಾಡ್ದೆ, ಫ್ಯಾನ್ ಮಾಡ್ದೆ, ಮಿಷನ್ನೂ ಮಾಡ್ದೆ. ಮನೆಯಲ್ಲಿ ಆಫ್ ಮಾಡಿ ಆನ್ ಮಾಡೋಕೆ ಇನ್ನೇನೂ ಉಳಿದಿಲ್ಲ.”

ಅವಳು ನಕ್ಕಳು. ಆಮೇಲೆ ಮಾವ ಪಾಠದ ವಿಷಯ ಹೇಳಿದಾಗ ಅವಳ ದನಿ ತಗ್ಗಿತು. “ಸರ್, ಇದನ್ನ ಅರ್ಜೆಂಟ್ ಅಂತ ಹಾಕ್ತೀನಿ. ಅಮ್ಮನಿಗೆ ಬೇಗ ಹುಷಾರಾಗ್ಲಿ,” ಅಂದಳು. ಮುಖ ನೋಡದ ಆ ಹುಡುಗಿಯನ್ನು ಮಾವ ಇಂದಿಗೂ ನೆನೆಯುತ್ತಾರೆ.

ಅಷ್ಟು ಹೇಳಿದರೂ ಎರಡು ದಿನ ಪಾಠ ತಪ್ಪಿತು. ಅತ್ತೆ ಕಪ್ಪು ಟಿವಿಯ ಎದುರು ಕೂತು ಬಾಯಿ ಆಡಿಸುತ್ತಿದ್ದರು, ಆಗಾಗ ಪರದೆ ಕಡೆ ಕೈ ತೋರಿಸಿ “ಕೊಂಡಿ” ಅನ್ನುತ್ತಿದ್ದರು. ಮಾವ ಹೋಗಿ ಪರದೆ ಸರಿಸಿ ಬೆಳಕು ಬಿಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಾವನಿಗೆ ಡಾಕ್ಟರ ಮಾತೇ ಕಿವಿಯಲ್ಲಿ. ತಪ್ಪಿಸಬೇಡಿ ಅಂದಿದ್ದರು. ಬರಬೇಕಾದ ಮಾತೆಲ್ಲ ಬಾಗಿಲ ತನಕ ಬಂದು, ಕೆಂಪು ದೀಪ ನೋಡಿ ವಾಪಸು ಹೋಗುತ್ತಿದೆಯೇನೋ ಅನ್ನಿಸಿ ಗಳಿಗೆಗೊಮ್ಮೆ ಡಬ್ಬಿಯ ಮುಂದೆ ಹೋಗಿ ನಿಲ್ಲುತ್ತಿದ್ದರು.

ಏಣಿಯಣ್ಣ ಬಂದ. ಮಗಳೂ ರಜೆ ಹಾಕಿ ಬಂದಿದ್ದಳು. ಏಣಿಯಣ್ಣ ಡಬ್ಬಿಯಿಂದ ವೈರು ಬಿಚ್ಚಿ ಬೆಳಕು ಅಳೆಯುವ ಮೀಟರಿಗೆ ಹಿಡಿದ. “ಬೆಳಕೇ ಬರ್ತಿಲ್ಲ.” ಹೊರಗೆ ಹೋಗಿ ಕಂಬ ಹತ್ತಿ ನೋಡಿದ. ಅಲ್ಲಿ ಬೆಳಕಿತ್ತು. ಕೆಳಗಿಳಿದು ಬಂದು ಹಣೆ ಒರೆಸಿಕೊಂಡ.

“ಮಾವಾ, ಒಳಗೆ ಯಾರಾದ್ರೂ ವೈರು ಮುಟ್ಟಿದ್ರಾ?”

“ಮುಟ್ಟೋಕೆ ಯಾರಿದ್ದಾರೋ? ಎಷ್ಟು ಜೋಪಾನ ಮಾಡಿದ್ದೀನಿ ಅಂದ್ರೆ, ಕಣ್ಣಿಗೇ ಬೀಳಲ್ಲ.”

ಸುಳ್ಳು ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಮುಟ್ಟುವುದು ಅಂದರೆ ಎಳೆಯುವುದು, ಕೀಳುವುದು, ಹಾಳುಮಾಡುವುದು. ಹೊಲಿಯುವುದು ಅಂದರೆ ಕಾಪಾಡುವುದು. ಏಣಿಯಣ್ಣನೂ ನೋಡಿದ. ವೈರು ಚೌಕಟ್ಟಿನ ಮೂಲೆಯಿಂದ ಒಳಗೆ ಬಂದು ಪರದೆಯ ಹಿಂದೆ ಮರೆಯಾಗಿ ಡಬ್ಬಿಯ ಹತ್ತಿರ ಅಚ್ಚುಕಟ್ಟಾಗಿ ಹೊರಬಂದಿತ್ತು. ದಿನಕ್ಕೆ ಹತ್ತಾರು ಮನೆ ಸುತ್ತುವವನಿಗೆ ಯಾವ ಮನೆಯಲ್ಲಿ ಸುರುಳಿ ಎಲ್ಲಿ ಬಿಟ್ಟೆ ಅಂತ ನೆನಪಿರುತ್ತದೆಯೇ?

“ಹಾಗಾದ್ರೆ ಕಂಬದಿಂದ ಇಲ್ಲೀವರೆಗೆ ನಡುವೆ ಎಲ್ಲೋ ಹೋಗಿದೆ. ಪೂರ್ತಿ ಹೊಸ ವೈರೇ ಎಳೀಬೇಕು. ಸ್ಟಾಕ್ ಇಲ್ಲ, ಮೇಲಿನವರಿಗೆ ಹೇಳಿ ತರಿಸ್ಬೇಕು. ಒಂದು ವಾರ ಹಿಡೀಬಹುದು, ಹೆಚ್ಚೂ ಆಗ್ಬಹುದು,” ಅಂತ ಸಂಕಟದಿಂದಲೇ ಹೇಳಿ ಚೀಲ ಕಟ್ಟಿಕೊಂಡ. ಬಾಗಿಲಲ್ಲಿ ಏಣಿಯನ್ನು ಭುಜಕ್ಕೇರಿಸಿದ.

ಧಡ್ ಅಂತ ಸದ್ದಾಯಿತು. ಅತ್ತೆ ಅಂಗೈಯಿಂದ ಮೇಜಿಗೆ ಬಡಿದಿದ್ದರು.

ಎಲ್ಲರೂ ತಿರುಗಿದರು. ಅತ್ತೆ ಬಾಯಿ ತೆರೆದರು. “ಕೊಂ…” ಅಂದರು, ತಟ್ಟನೆ ತುಟಿ ಮುಚ್ಚಿಕೊಂಡರು. ಬಂದ ಶಬ್ದವನ್ನು ನುಂಗಿಬಿಟ್ಟರು. ಮುಚ್ಚಿದ ತುಟಿಯನ್ನು ಬೆರಳಿನಿಂದ ಮುಟ್ಟಿಕೊಂಡರು. “ಮ್… ಮ…”

“ಮಾತ್ರೆ ಬೇಕಾ?” ಅಂದರು ಮಾವ.

“ಮಲಗ್ಬೇಕಾ ಅಮ್ಮಾ?” ಅಂದಳು ಮಗಳು.

“ಇಬ್ರೂ ಸ್ವಲ್ಪ ಸುಮ್ನಿರಿ,” ಅಂದ ಏಣಿಯಣ್ಣ. ಏಣಿಯನ್ನು ಭುಜದಿಂದ ಇಳಿಸಿ ಗೋಡೆಗೆ ಒರಗಿಸಿ, ಅತ್ತೆಯ ಎದುರು ನೆಲದ ಮೇಲೆ ಕೂತ. “ಹೇಳಿ ಅತ್ತೆ. ನನಗೇನೂ ಅವಸರ ಇಲ್ಲ.”

ಅತ್ತೆ ತುಟಿಯಿಂದ ಬೆರಳು ತೆಗೆಯದೆ ಮತ್ತೆ ಶುರುಮಾಡಿದರು.

“ಮ… ಮಡ… ಮಡಚಿ… ದ್ರು.”

ಉಸಿರು ತೆಗೆದುಕೊಂಡರು. ಬೆರಳು ಎತ್ತಿ ನೇರವಾಗಿ ಮಾವನಿಗೆ ಗುರಿ ಇಟ್ಟರು.

“ಇವ್ರು. ಮಡಚಿದ್ರು. ಪರದೇಲಿ… ಹೊಲಿದ್ರು.” ಆಮೇಲೆ, ಕಟ್ಟೆ ಒಡೆದ ಹಾಗೆ, ಹಳೆಯ ಧಾಟಿಯಲ್ಲೇ ಬಂತು, “ಏನ್ರೀ ಇದು!”

ಮಾವ ಒಂದು ಹೆಜ್ಜೆ ಮುಂದೆ ಬಂದರು. ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

“ಏನಂದೆ?” ಅಂದರು ಮಾವ.

“ಹೊಲಿದ್ರು. ನೀವು.”

“ಇನ್ನೊಂದ್ಸಲ ಹೇಳೇ.”

“ನೀವೇ!”

“ಹೂಂ ಕಣೇ, ನಾನೇ. ನಾನೇ ಹೊಲಿದದ್ದು,” ಅಂತ ಮಾವ ಬಹುಮಾನ ಬಂದವರ ಹಾಗೆ ಮುಖ ಅರಳಿಸಿ ನಿಂತರು. ಕಣ್ಣಿಂದ ನೀರು ಇಳಿಯುತ್ತಿದ್ದದ್ದು ಅವರಿಗೇ ಗೊತ್ತಿರಲಿಲ್ಲ.

ಏಣಿಯಣ್ಣ ಚೀಲದಿಂದ ಪೆನ್ನಿನಂಥ ಒಂದು ಸಾಧನ ತೆಗೆದ. ಅದರಿಂದ ವೈರಿನೊಳಕ್ಕೆ ಕೆಂಪು ಬೆಳಕು ಬಿಡಬಹುದು, ಗಾಜು ಎಲ್ಲಿ ಮುರಿದಿದೆಯೋ ಮಡಚಿದೆಯೋ ಅಲ್ಲಿ ಬೆಳಕು ಹೊರಗೆ ಸೋರಿ ಕಾಣುತ್ತದೆ. “ಬೀದಿ ಬಿಸಿಲಲ್ಲಿ ಇದು ಕಾಣಲ್ಲ ಅಂತ ತೆಗೆದೇ ಇರಲಿಲ್ಲ. ಪರದೆ ಎಳೀರಿ ಮಾವ, ಕತ್ತಲಾಗ್ಲಿ.”

ಪರದೆ ಎಳೆದರು. ಡಬ್ಬಿಯ ಕಡೆಯಿಂದ ಪೆನ್ನು ಸೇರಿಸಿದ. ಅರೆಗತ್ತಲಲ್ಲಿ ಪರದೆಯ ಅಂಚಿನುದ್ದಕ್ಕೂ, ಮಡಿಕೆ ಮಡಿಕೆಗೂ, ಒಂದೊಂದು ಕೆಂಪು ಚುಕ್ಕಿ ಹೊತ್ತಿಕೊಂಡಿತು. ಕೆಳಗಿನದು ಢಾಳಾಗಿ, ಮೇಲೆ ಹೋದ ಹಾಗೆ ಮಂಕಾಗಿ. ಮಾವ ಹಿಡಿದ ನೆರಿಗೆ ಒಂದೂ ಅಳತೆ ತಪ್ಪಿರಲಿಲ್ಲ, ಚುಕ್ಕಿಗಳೂ ಅಷ್ಟೇ ಸಮ.

ಮಾವ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು.

“ಚೆನ್ನಾಗೇ ಕಾಣುತ್ತೆ ಅಲ್ವಾ? ಹೋಟೆಲಿನವರು ನೋಡಿದ್ರೆ ಹತ್ತು ಕಿಟಕಿಗೆ ಆರ್ಡರ್ ಕೊಡ್ತಾರೆ,” ಅಂದರು ಮಾವ.

“ನಿಮ್ಮ… ತಲೆ,” ಅಂದರು ಅತ್ತೆ.

ಮಗಳು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಏಣಿಯಣ್ಣ, “ಮಾವಾ, ನನ್ನ ಸರ್ವಿಸ್ಸಿನಲ್ಲಿ ವೈರನ್ನ ಇಲಿ ಕಡಿದದ್ದು ನೋಡಿದ್ದೀನಿ, ಮರ ಬಿದ್ದು ಕಿತ್ತದ್ದು ನೋಡಿದ್ದೀನಿ. ನೆರಿಗೆ ಹಿಡಿದು ಹೊಲಿದವರು ನೀವೊಬ್ರೇ,” ಅಂತ ಕೈ ಮುಗಿದ.

ಹೊಲಿಗೆ ಬಿಚ್ಚುವ ಕೆಲಸ ಮಾವನಿಗೇ ಬಿತ್ತು. ಜೇಬಿನ ಕತ್ತರಿ ತೆಗೆದರು. ಒಂದೊಂದು ಹೊಲಿಗೆ ಬಿಚ್ಚುವಾಗಲೂ ತಮ್ಮದೇ ಬಿಗಿಯಾದ ಹೊಲಿಗೆಯನ್ನು ಬೈದುಕೊಂಡರು. ಮಡಿಕೆ ಬಿದ್ದ ಭಾಗವನ್ನು ಏಣಿಯಣ್ಣ ಕತ್ತರಿಸಿ ತೆಗೆದು, ತುದಿಗೆ ಹೊಸ ಮೂತಿ ಕೂರಿಸಿ, ಡಬ್ಬಿಗೆ ಸಿಕ್ಕಿಸಿದ. ಕೆಂಪು ಮಿಣುಕಿತು, ಮಿಣುಕಿತು, ಹಸಿರಾಯಿತು. ಉಳಿದ ಚೂರು ವೈರನ್ನು ಸುರುಳಿ ಸುತ್ತಿ ಅದೇ ಮೊಳೆಗೆ ಹಾಕಿದ. ಈ ಸಲ ಮಾವನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ. “ಕಾವಲಿಗೆ ಅತ್ತೆ ಇದ್ದಾರೆ. ಈಗ ನೆನಪಾಯ್ತು, ಮೊದಲ ದಿನವೇ ಅವರಿಗೆ ಹೇಳಿ ಹೋಗಿದ್ದೆ.”

ಆಗ ಮಾವನಿಗೆ ಎಲ್ಲ ಹೊಳೆಯಿತು. ಆ ದಿನ ಕೊಂಡಿ ಕೊಂಡಿ ಅಂತ ಕೈ ಬೀಸಿದ್ದು, ಡಬ್ಬಿ ತಂದಿಟ್ಟಾಗ ಬೆನ್ನಿಗೆ ಎಸೆದದ್ದು, ಕಪ್ಪು ಟಿವಿಯ ಎದುರು ಕೂತು ಪರದೆ ತೋರಿಸಿದ್ದು. ಅತ್ತೆಯ ಹತ್ತಿರ ಹೋಗಿ, ಅವರ ಬಲಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಕೂತರು.

ಮರುದಿನ ಪಾಠಕ್ಕೆ ಟೀಚರಮ್ಮ ಬಂದಾಗ ಮಾವ ಎಲ್ಲವನ್ನೂ ತಾವೇ ಹೇಳಲು ಬಾಯಿ ತೆರೆದರು. ಅವರು ತಡೆದರು. “ನೀವಲ್ಲ. ಅಮ್ಮಾ, ನೀವು ಹೇಳಿ. ಏನಾಯ್ತು?” ಅತ್ತೆ ಆ ಅರ್ಧ ಗಂಟೆಯನ್ನೂ ಅದಕ್ಕೇ ತೆಗೆದುಕೊಂಡರು. ವೈರು, ಪರದೆ, ಮಡಚಿದ್ರು, ಹೊಲಿದ್ರು, ಕೆಂಪು. ನಡುವೆ ಕೊಂಡಿಗಳೂ ಬಂದವು, ಬರಲಿ. ಟೀಚರಮ್ಮ ಅವರ ಮುಖದಿಂದ ಕಣ್ಣು ಕದಲಿಸದೆ ಕೇಳಿದರು. ಎಲ್ಲೂ ಚಿತ್ರ ಒಡೆಯಲಿಲ್ಲ.

ಆ ವಾರವೇ ಮಾವ ಉಳಿದ ಪರದೆ ಬಟ್ಟೆಯಲ್ಲಿ ಹತ್ತಿ ತುಂಬಿ ಒಂದು ಮೆತ್ತೆ ಹೊಲಿದರು, ಏಣಿ ಭುಜಕ್ಕೆ ತಾಗುವ ಕಡೆ ಕಟ್ಟುವಂಥದ್ದು. ಈಗ ಏಣಿಯಣ್ಣ ಬೀದಿಯಲ್ಲಿ ಹೋದರೆ ಅವನ ಏಣಿಗೆ ಆಸ್ಪತ್ರೆಯ ಹಸಿರು ಬಣ್ಣದ ದಿಂಬು. ಮಕ್ಕಳು “ಏಣಿಗೆ ಹುಷಾರಿಲ್ವಾ?” ಅಂತ ಕೇಳುತ್ತಾರೆ. “ಇಲ್ಲ, ಅದಕ್ಕೀಗ ಬಡ್ತಿ,” ಅನ್ನುತ್ತಾನೆ. ಅಂಗಿಯ ಭುಜದಿಂದ ಆಮೇಲೆ ದಾರ ನೇತಾಡಲಿಲ್ಲ.

ಅತ್ತೆಯ ಮಾತು ಪೂರ್ತಿ ಬಂದಿದೆ ಅಂತ ನಾನು ಹೇಳುವುದಿಲ್ಲ. ರೇಡಿಯೋ ಇನ್ನೂ ಗರಗರ ಅನ್ನುತ್ತದೆ, ನಡುನಡುವೆ ಸ್ಟೇಷನ್ನು ತಪ್ಪುತ್ತದೆ. ಆದರೆ ಕಿಟಕಿಯಾಚೆ ಯಾರು ಹೋದರು, ಕೈಯಲ್ಲಿ ಚೀಲವಿತ್ತೋ ಇಲ್ಲವೋ ಅನ್ನುವಷ್ಟು ವರದಿ ಮತ್ತೆ ಸಿಗುತ್ತಿದೆ. ಚೀಲದೊಳಗೆ ಏನಿತ್ತು ಅನ್ನುವುದೂ ಬಂದೀತು. ಮಾವ ಹಸಿರು ದೀಪಕ್ಕೆ ಧೂಳು ಕೂರಲು ಬಿಡುವುದಿಲ್ಲ, ಬೆಳಗ್ಗೆ ಎದ್ದು ಮೊದಲು ಡಬ್ಬಿ ಒರೆಸುತ್ತಾರೆ.

ಮೊಳೆಯ ಮೇಲಿನ ಸುರುಳಿ ಇವತ್ತಿಗೂ ನೇತಾಡುತ್ತಿದೆ. ಆ ಮನೆಯಲ್ಲಿ ನೇತಾಡಲು ಪರವಾನಗಿ ಪಡೆದ ವಸ್ತು ಅದೊಂದೇ. ಮನೆ ತೀರಾ ಮೌನವಾಗಿದೆ ಅನ್ನಿಸಿದಾಗ ಮಾವ ಮಿಷನ್ನು ನಿಲ್ಲಿಸಿ ಏಳುತ್ತಾರೆ. ಏನೋ ಹುಡುಕುವವರ ಹಾಗೆ ಕಿಟಕಿಯ ಹತ್ತಿರ ಹೋಗುತ್ತಾರೆ. ಜೇಬಿಗೆ ಕೈ ಹಾಕಿ, ಕತ್ತರಿಯನ್ನು ಅರ್ಧ ಹೊರಗೆ ತೆಗೆದು, ಇನ್ನೊಂದು ಕೈಯನ್ನು ಮೆಲ್ಲಗೆ ಸುರುಳಿಯ ಕಡೆ ಚಾಚುತ್ತಾರೆ. ಚಾಚಿ, ಹಾಗೇ ಕಾಯುತ್ತಾರೆ.

ಹಿಂದಿನಿಂದ, ಸ್ಟೂಲಿನ ಮೇಲಿಂದ, ಬಂದೇ ಬರುತ್ತದೆ.

“ಏನ್ರೀ ಅದು!”